ಹೋರಿ ಹಬ್ಬಕ್ಕೆ ಪ್ರಥಮ ಚಿಕಿತ್ಸೆ ವ್ಯವಸ್ಥೆ ಹೇಗೆ ಮಾಡಬೇಕು? ಗೊತ್ತಿದ್ದವರು ತಿಳಿಸಿ

ಪ್ರಶ್ನೆ: ಕಮಿಟಿ ಹುಡುಗ, ಹಾನಗಲ್ ತಾಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ಹಾವೇರಿ ಜಿಲ್ಲೆ, ಹಾನಗಲ್ ತಾಲೂಕಿನ ಒಂದು ಹಳ್ಳಿ. ದೀಪಾವಳಿ ಪಾಡ್ಯ ಕಳೆಯಿತು ಅಂದರೆ ನಮ್ಮ ಕಡೆ ಊರೂರಲ್ಲಿ ಹೋರಿ ಬೆದರಿಸುವ ಸ್ಪರ್ಧೆ ಶುರು. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಹೋರಿಗೆ ಕೊಬ್ಬರಿ ಸರ, ಬಲೂನು ಕಟ್ಟಿ ಸಿಂಗರಿಸಿ ಅಖಾಡದಲ್ಲಿ ಬಿಡುತ್ತಾರೆ. ಎರಡೂ ಬದಿಗೆ ಜನ. ಓಡುವ ಹೋರಿಯನ್ನು ಹಿಡಿದು ಕೊಬ್ಬರಿ ಹರಿಯಬೇಕು. ಯಾರ ಕೈಗೂ ಸಿಗದೆ ದಾಟಿ ಹೋದರೆ ಹೋರಿ ಗೆದ್ದಂತೆ.

ಈ ಸಲ ಕಮಿಟಿಯಲ್ಲಿ ಪ್ರಥಮ ಚಿಕಿತ್ಸೆಯ ಜವಾಬ್ದಾರಿ ನನಗೆ ಕೊಟ್ಟಿದ್ದಾರೆ. ಹಿರಿಯರು "ಒಂದು ಔಷಧಿ ಪೆಟ್ಟಿಗೆ ತಂದಿಡು, ಸಾಕು" ಅನ್ನುತ್ತಾರೆ. ನನಗೆ ಅದು ಸಾಕು ಅನ್ನಿಸುತ್ತಿಲ್ಲ. ಹೋದ ವರ್ಷ ಪಕ್ಕದ ಊರಲ್ಲಿ ಸುಮ್ನೆ ನೋಡುತ್ತಾ ನಿಂತಿದ್ದ ಒಬ್ಬರ ತೊಡೆಗೆ ಹೋರಿ ತಿವಿಯಿತು. ಬೈಕ್ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಒಯ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬೈಕಿನ ಸೀಟೆಲ್ಲ ರಕ್ತ. ಜೀವ ಉಳಿಯಿತು. ಆದರೆ ಅವರು ಇನ್ನೂ ಸರಿಯಾಗಿ ಹೊಲಕ್ಕೆ ಹೋಗುವ ಹಾಗಾಗಿಲ್ಲ. ಮನೆಯಲ್ಲಿ ದುಡಿಯುವವರು ಅವರೊಬ್ಬರೇ.

ನಮ್ಮೂರಿಗೆ ಐದಾರು ಸಾವಿರ ಜನ ಸೇರಬಹುದು. ದುಡ್ಡು ಜಾಸ್ತಿ ಇಲ್ಲ. ಕೆಲಸಕ್ಕೆ ಹುಡುಗರಿದ್ದಾರೆ. 108 ಗಾಡಿಯನ್ನು ದಿನಪೂರ್ತಿ ನಮ್ಮ ಹತ್ತಿರವೇ ನಿಲ್ಲಿಸಿಕೊಳ್ಳಬಹುದಾ? ಪೆಟ್ಟಿಗೆಯಲ್ಲಿ ಏನೇನು ಇರಬೇಕು? ಟೆಂಟ್ ಎಲ್ಲಿ ಹಾಕಬೇಕು? ನೋಡಿದವರು, ಮಾಡಿದವರು ದಯವಿಟ್ಟು ಹೇಳಿ.

ಉತ್ತರ: ನಿವೃತ್ತ ಸ್ಟಾಫ್ ನರ್ಸ್, ಧಾರವಾಡ

ತಮ್ಮಾ, ಪೆಟ್ಟಿಗೆ ಸಾಕಾಗುವುದಿಲ್ಲ ಅಂತ ನಿನಗೆ ಅನ್ನಿಸಿದೆಯಲ್ಲ, ಅರ್ಧ ಕೆಲಸ ಅಲ್ಲೇ ಆಯಿತು. ನಾನು ವರ್ಷಗಟ್ಟಲೆ ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡಿದವಳು. ಈಗ ಜಾತ್ರೆ, ಮೇಳಗಳಲ್ಲಿ ಪ್ರಥಮ ಚಿಕಿತ್ಸೆ ಟೆಂಟಿನಲ್ಲಿ ಕೂರುತ್ತೇನೆ. ಹುಬ್ಬಳ್ಳಿಯ ಸಿದ್ಧಾರೂಢರ ಜಾತ್ರೆಗೆ ತಪ್ಪದೆ ಹೋಗುತ್ತೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡ.

ಮೊದಲು ಎರಡು ವಿಷಯ ಕಮಿಟಿಯಲ್ಲಿ ಇತ್ಯರ್ಥ ಮಾಡಿಕೊಳ್ಳಿ. ಪೆಟ್ಟಿಗೆ ಆಮೇಲೆ. ಒಂದು, ಗಾಯವಾದವರನ್ನು ಯಾವ ದಾರಿಯಿಂದ ಹೊರಗೆ ಒಯ್ಯುತ್ತೀರಿ? ಇನ್ನೊಂದು, ಹೋರಿ ಬಿಡುವುದನ್ನು ನಿಲ್ಲಿಸಿ ಅಂತ ಹೇಳುವ ಅಧಿಕಾರ ಯಾರಿಗಿದೆ? ಈ ಎರಡಕ್ಕೆ ಉತ್ತರ ಇಲ್ಲದಿದ್ದರೆ ದೊಡ್ಡ ಡಾಕ್ಟರನ್ನೇ ಕರೆತಂದು ಕೂರಿಸಿದರೂ ಪ್ರಯೋಜನವಿಲ್ಲ.

ದಾರಿಯ ವಿಷಯ ನೋಡು. ನಿಮ್ಮ ಅಖಾಡ ಉದ್ದಕ್ಕೆ ಇರುತ್ತದೆ. ಎರಡೂ ಬದಿಗೆ ಜನ, ಜನರ ಹಿಂದೆ ಟ್ರ್ಯಾಕ್ಟರ್, ಟ್ರ್ಯಾಕ್ಟರ್ ಹಿಂದೆ ಬೈಕುಗಳು. ಊರಿಗೆ ಬರುವ ರಸ್ತೆಯ ಎರಡೂ ಮಗ್ಗುಲಿಗೆ ಗಾಡಿ ನಿಲ್ಲಿಸಿರುತ್ತಾರೆ. ಆಂಬುಲೆನ್ಸ್ ಊರ ಅಗಸಿಗೆ ಬಂದು ಅಲ್ಲೇ ಹಾರ್ನ್ ಹೊಡೆಯುತ್ತಾ ನಿಂತುಬಿಡುತ್ತದೆ. ಹಾಗಾಗಿ ಒಂದು ರಸ್ತೆಯನ್ನು ಪೂರ್ತಿ ಖಾಲಿ ಇಡಿ. ಹಗ್ಗ ಕಟ್ಟಿ, ಎರಡೂ ತುದಿಗೆ ಹುಡುಗರನ್ನು ನಿಲ್ಲಿಸಿ. ಶಾಸಕರ ಕಾರು ಬಂದರೂ ಅಲ್ಲಿ ನಿಲ್ಲಿಸಲು ಬಿಡಬೇಡಿ. ಟೆಂಟ್ ಆ ರಸ್ತೆಗೆ ತಾಗಿಕೊಂಡೇ ಇರಲಿ. ವೇದಿಕೆ ಪಕ್ಕ ಬೇಡ. ಅಲ್ಲಿ ಧ್ವನಿವರ್ಧಕದ ಸದ್ದಿಗೆ ಬಿ.ಪಿ. ನೋಡಲು ಸ್ಟೆಥಾಸ್ಕೋಪ್ ಹಚ್ಚಿದರೂ ಏನೂ ಕೇಳುವುದಿಲ್ಲ. ಅಖಾಡದ ಕೊನೆಗೂ ಬೇಡ. ಬೆದರಿದ ಹೋರಿ ನೇರ ಅಲ್ಲಿಗೇ ಬರುತ್ತದೆ. ಅಖಾಡದ ಮಧ್ಯಭಾಗಕ್ಕೆ ಹತ್ತಿರ, ಆದರೆ ಒಂದು ಗಟ್ಟಿ ಗೋಡೆಯ ಹಿಂದೆ ಇರಲಿ. ಶಾಲೆ ಕೋಣೆ ಸಿಕ್ಕರೆ ಬಹಳ ಒಳ್ಳೆಯದು. ನೀರಿರುತ್ತದೆ, ಬಾಗಿಲಿರುತ್ತದೆ, ಹೆಣ್ಣುಮಕ್ಕಳನ್ನು ಮರೆಯಲ್ಲಿ ಮಲಗಿಸಿ ನೋಡಬಹುದು.

ಎರಡನೆಯದು, ನಿಲ್ಲಿಸುವ ಅಧಿಕಾರ. ಒಬ್ಬ ನೆಲಕ್ಕೆ ಬಿದ್ದಿದ್ದಾನೆ, ಹಿಂದಿನಿಂದ ಇನ್ನೊಂದು ಹೋರಿ ಬಿಡುತ್ತಾರೆ. ಎತ್ತಲು ಹೋದವರಿಗೂ ಹಾಯುತ್ತದೆ. ಮೈಕಿನಲ್ಲಿ ವಿವರಣೆ ಕೊಡುವವರು ಇರುತ್ತಾರಲ್ಲ, ಅವರ ಪಕ್ಕದಲ್ಲಿ ನಿಮ್ಮ ಒಬ್ಬ ಹುಡುಗ ಇಡೀ ದಿನ ನಿಂತಿರಲಿ. ಅವನ ಕೈಯಲ್ಲಿ ಕೆಂಪು ಬಟ್ಟೆಯೋ ಸೀಟಿಯೋ ಇರಲಿ. ಅವನು ಹೇಳಿದ ಕೂಡಲೇ ಮೈಕಿನಲ್ಲಿ "ಹೋರಿ ಬಿಡಬೇಡ್ರೀ" ಅಂತ ಬರಬೇಕು. ಯಾಕೆ, ಏನು ಅಂತ ಯಾರೂ ಕೇಳಬಾರದು.

ಇನ್ನು ತಿವಿತದ ಗಾಯ. ಕೋಡಿನ ಗಾಯ ಮೇಲೆ ಸಣ್ಣದಾಗಿ ಕಾಣುತ್ತದೆ. ಒಳಗೆ ಎಷ್ಟು ಆಳ, ಯಾವ ಕಡೆ ತಿರುಗಿದೆ ಅನ್ನೋದು ಹೊರಗಿನಿಂದ ಗೊತ್ತಾಗುವುದಿಲ್ಲ. ಆದ್ದರಿಂದ "ಸಣ್ಣ ತೂತು, ಏನೂ ಆಗಿಲ್ಲ" ಅಂತ ಯಾರನ್ನೂ ಮನೆಗೆ ಕಳಿಸಬೇಡಿ. ಹೊಟ್ಟೆ, ಎದೆ, ಕುತ್ತಿಗೆ, ತೊಡೆಸಂದಿ, ಈ ನಾಲ್ಕು ಕಡೆ ಕೋಡು ತಾಗಿದರೆ ಸೀದಾ ಆಸ್ಪತ್ರೆಗೆ.

ತೊಡೆಗೆ ತಿವಿದು ರಕ್ತ ಚಿಮ್ಮುತ್ತಿದೆ ಅಂದುಕೋ. ಮಲಗಿಸಿ. ಕೈಗೆ ಗ್ಲೌಸ್ ಹಾಕಿಕೊಂಡು, ಗಾಜ್ ಬಟ್ಟೆಯನ್ನು ಗಾಯದ ಮೇಲಿಟ್ಟು ಎರಡೂ ಕೈಯಿಂದ ಮೈಭಾರ ಹಾಕಿ ಒತ್ತಿ. ಗಾಜ್ ಇಲ್ಲದಿದ್ದರೆ ಒಗೆದ ಟವೆಲ್ಲು. ಐದು ಸೆಕೆಂಡಿಗೊಮ್ಮೆ ನಿಂತಿತಾ ಅಂತ ಎತ್ತಿ ನೋಡಬೇಡಿ, ಎಲ್ಲರೂ ಇದನ್ನೇ ಮಾಡುತ್ತಾರೆ. ಬಟ್ಟೆ ನೆನೆದರೆ ಅದರ ಮೇಲೆ ಇನ್ನೊಂದು ಇಟ್ಟು ಇನ್ನೂ ಜೋರಾಗಿ ಒತ್ತಿ. ಕೈ ಅಥವಾ ಕಾಲಿನ ರಕ್ತ ಹೀಗೆ ಒತ್ತಿದರೂ ನಿಲ್ಲದಿದ್ದರೆ ಮಾತ್ರ ಗಾಯಕ್ಕಿಂತ ನಾಲ್ಕು ಬೆರಳು ಮೇಲೆ ಅಗಲವಾದ ಪಟ್ಟಿ ಬಿಗಿಯಬೇಕು. ಮೊಣಕಾಲು, ಮೊಣಕೈಯ ಕೀಲಿನ ಜಾಗದಲ್ಲೇ ಬಿಗಿಯಬಾರದು. ಬಿಗಿದ ಹೊತ್ತನ್ನು ಹಣೆ ಮೇಲೋ ಕೈ ಮೇಲೋ ಪೆನ್ನಿನಲ್ಲಿ ಬರೆಯಿರಿ. ಆಮೇಲೆ ಅದನ್ನು ಬಿಚ್ಚುವುದು ಡಾಕ್ಟರ ಕೆಲಸ. ತೊಡೆಸಂದಿಯಲ್ಲಿ ಪಟ್ಟಿ ಬಿಗಿಯಲು ಜಾಗವೇ ಇರುವುದಿಲ್ಲ. ಅಲ್ಲಿ ಗಾಯದೊಳಗೆ ಗಾಜ್ ತುಂಬಿ, ಆಸ್ಪತ್ರೆ ಮುಟ್ಟುವವರೆಗೂ ಕೈ ತೆಗೆಯದೆ ಒತ್ತಿಕೊಂಡೇ ಹೋಗಬೇಕು. ನೀನು ಹೇಳಿದ ಬೈಕಿನ ಮೇಲೆ ಅದು ಆಗುವ ಮಾತಲ್ಲ, ನೋಡು.

ಹೊಟ್ಟೆ ಹರಿದು ಕರುಳು ಹೊರಗೆ ಬಂದಿದ್ದರೆ ಒಳಗೆ ತಳ್ಳಬೇಡಿ. ಶುದ್ಧ ನೀರಿನಲ್ಲಿ, ಸಲೈನ್ ಇದ್ದರೆ ಸಲೈನಿನಲ್ಲಿ ನೆನೆಸಿದ ಬಟ್ಟೆ ಮುಚ್ಚಿ. ಮೊಣಕಾಲು ಮಡಚಿಸಿ ಮಲಗಿಸಿ. ಒಂದು ಹನಿ ನೀರೂ ಬಾಯಿಗೆ ಹಾಕಬೇಡಿ. ಅವರು ನೀರು ಕೇಳುತ್ತಾರೆ, ಸುತ್ತ ನಿಂತವರಿಗೂ ಕರುಳು ಚುರ್ ಅನ್ನುತ್ತದೆ. ಆದರೂ ಬೇಡ. ಮುಂದೆ ಆಪರೇಷನ್ ಇರುತ್ತದೆ. ಎದೆಗೆ ತಿವಿದು ಉಸಿರಾಡಲು ಕಷ್ಟಪಡುತ್ತಿದ್ದರೆ ಒರಗಿಸಿ ಕೂರಿಸಿ. ಎದೆಯ ತೂತನ್ನು ಪ್ಲಾಸ್ಟಿಕ್ ಹಾಕಿ ಗಾಳಿಯಾಡದಂತೆ ಮುಚ್ಚಿಬಿಡಬೇಡಿ. ಒಳಗೆ ಗಾಳಿ ತುಂಬಿಕೊಂಡು ಪುಪ್ಪುಸವನ್ನೇ ಅದುಮುತ್ತದೆ.

ಗಾಯಕ್ಕೆ ಅರಿಶಿನ, ಕಾಫಿ ಪುಡಿ, ಸುಣ್ಣ ಯಾವುದನ್ನೂ ಹಚ್ಚಲು ಬಿಡಬೇಡಿ. ಸಣ್ಣ ತರಚು ಗಾಯವಾದರೂ ಸಾಬೂನು ನೀರಿನಲ್ಲಿ ತೊಳೆದು, ಧನುರ್ವಾಯು ತಡೆಯುವ (ಟಿಟಿ) ಇಂಜೆಕ್ಷನ್‌ಗೆ ಕಳಿಸಿ. ಸಗಣಿ ಬಿದ್ದ ಮಣ್ಣು ಅದು.

ಇನ್ನೊಂದು ಮಾತು. ಬಿದ್ದವರ ಬಾಯಿಂದ ಸೆರೆ ವಾಸನೆ ಬಂದರೆ "ಕುಡದಾನ, ಬಿಡ್ರೀ, ಮಲಗ್ಲಿ" ಅಂತ ಗಿಡದ ನೆರಳಿಗೆ ಹಾಕಿಬಿಡುತ್ತಾರೆ. ತಲೆಗೆ ಪೆಟ್ಟು ಬಿದ್ದವನೂ ಹಾಗೇ ತೊದಲುತ್ತಾನೆ, ವಾಂತಿ ಮಾಡುತ್ತಾನೆ, ತೂಗಾಡುತ್ತಾನೆ. ಎರಡನ್ನೂ ನೋಡಿ ಬೇರೆ ಮಾಡಲು ನಿಮ್ಮಿಂದ ಆಗುವುದಿಲ್ಲ, ನನ್ನಿಂದಲೂ ಆಗುವುದಿಲ್ಲ. ಆದ್ದರಿಂದ ಕುಡಿದಿರಲಿ ಬಿಡಲಿ, ಬಿದ್ದವನನ್ನು ತಲೆಗೆ ಪೆಟ್ಟಾದವನೆಂದೇ ತಿಳಿದು ಕಳಿಸಿ. ಈ ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಉತ್ತರ: ಆಂಬುಲೆನ್ಸ್ ಇಎಂಟಿ (ತುರ್ತು ಚಿಕಿತ್ಸೆ ಸಿಬ್ಬಂದಿ), ಗದಗ ಕಡೆ

ಅಕ್ಕಾವ್ರು ಎಲ್ಲ ಹೇಳಿದ್ದಾರೆ. ನಾನು ಗಾಡಿ ವಿಷಯ ಮಾತ್ರ ಹೇಳುತ್ತೇನೆ.

108 ಗಾಡಿ 2008ರಿಂದ ರಾಜ್ಯದಲ್ಲಿ ಓಡುತ್ತಿದೆ. ಅದು ಕರೆ ಬಂದ ಕಡೆ ಹೋಗಬೇಕಾದ ಗಾಡಿ. ನಿಮ್ಮ ಅಖಾಡದ ಹತ್ತಿರ ನಿಂತಿದ್ದಾಗ ಪಕ್ಕದ ಊರಲ್ಲಿ ಹೆರಿಗೆ ನೋವು ಅಂತ ಕರೆ ಬಂದರೆ ಹೊರಡಲೇಬೇಕು. ಅದಕ್ಕೆ ಅದೊಂದನ್ನೇ ನಂಬಿ ಕೂರಬೇಡಿ. ತಾಲೂಕು ಆರೋಗ್ಯಾಧಿಕಾರಿಗಳಿಗೆ ಆದಷ್ಟು ಮೊದಲೇ ಅರ್ಜಿ ಕೊಡಿ. ದಿನಾಂಕ, ಜಾಗ, ಎಷ್ಟು ಜನ ಸೇರುತ್ತಾರೆ, ಎಷ್ಟು ಹೋರಿ ಬರುತ್ತವೆ ಎಲ್ಲ ಬರೆಯಿರಿ. ನಕಲನ್ನು ತಹಶೀಲ್ದಾರರಿಗೂ ಪೊಲೀಸ್ ಠಾಣೆಗೂ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಜೊತೆಗೆ ಒಂದು ಖಾಸಗಿ ಆಂಬುಲೆನ್ಸ್ ಬಾಡಿಗೆಗೆ ಹಿಡಿಯಿರಿ. ಅದರಲ್ಲಿ ಆಕ್ಸಿಜನ್ ಸಿಲಿಂಡರ್ ತುಂಬಿದೆಯಾ, ಸ್ಟ್ರೆಚರ್ ಸರಿಯಾಗಿ ಲಾಕ್ ಆಗುತ್ತದಾ ಅಂತ ಬೆಳಗ್ಗೆಯೇ ಕಣ್ಣಾರೆ ನೋಡಿ. ಸೈರನ್ ಇದ್ದ ಮಾತ್ರಕ್ಕೆ ಆಂಬುಲೆನ್ಸ್ ಆಗುವುದಿಲ್ಲ.

ಕರೆ ಮಾಡುವಾಗ ಒಬ್ಬರೇ ಮಾಡಿ. ಒಂದೇ ಘಟನೆಗೆ ಇಪ್ಪತ್ತು ಜನ ಫೋನ್ ಹಚ್ಚುತ್ತಾರೆ, ಒಬ್ಬೊಬ್ಬರು ಒಂದೊಂದು ಜಾಗ ಹೇಳುತ್ತಾರೆ. ಊರು, ತಾಲೂಕು, ಹತ್ತಿರದ ಗುರುತು, ಏನಾಗಿದೆ, ಎಷ್ಟು ಜನಕ್ಕೆ ಆಗಿದೆ, ಉಸಿರಾಟ ಇದೆಯಾ ಇಲ್ಲವಾ ಅಷ್ಟು ಹೇಳಿ. ಅವರೇ ಸಾಕು ಅನ್ನುವವರೆಗೂ ಫೋನ್ ಇಡಬೇಡಿ. ಮುಖ್ಯ ರಸ್ತೆ ಕೂಡುವಲ್ಲಿ ಬೈಕ್ ಇಟ್ಟುಕೊಂಡು ಒಬ್ಬ ಹುಡುಗ ನಿಂತಿರಲಿ. ಅವನು ಮುಂದೆ ಹೋದರೆ ನಮ್ಮ ಪೈಲಟ್‌ಗೆ (ಗಾಡಿ ಓಡಿಸುವವರಿಗೆ) ದಾರಿ ಕೇಳುತ್ತಾ ನಿಲ್ಲುವ ಕೆಲಸ ತಪ್ಪುತ್ತದೆ.

ಯಾವ ಆಸ್ಪತ್ರೆ ಅನ್ನೋದನ್ನೂ ಮೊದಲೇ ಯೋಚಿಸಿಡಿ. ಹಾನಗಲ್ಲಿನಲ್ಲಿ ತಾಲೂಕು ಆಸ್ಪತ್ರೆ, ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆ. ಅದಕ್ಕೂ ಮೀರಿದ್ದಾದರೆ ಹುಬ್ಬಳ್ಳಿ ಕಿಮ್ಸ್ ಆಸ್ಪತ್ರೆ (ಈಗಿನ ಹೆಸರು ಕೆಎಂಸಿಆರ್‌ಐ). ಹಾವೇರಿಯಿಂದ ಹುಬ್ಬಳ್ಳಿಗೆ ಸುಮಾರು 75 ಕಿಲೋಮೀಟರ್ ಇದೆ. ಆ ದಿನ ಸರ್ಜನ್ ಡ್ಯೂಟಿಯಲ್ಲಿ ಇರುತ್ತಾರಾ ಅಂತ ಹಿಂದಿನ ದಿನವೇ ವಿಚಾರಿಸಿ, ನಿಮ್ಮೂರಲ್ಲಿ ಸ್ಪರ್ಧೆ ಇದೆ ಅಂತ ತಿಳಿಸಿಡಿ.

ಉತ್ತರ: ಹೋರಿ ಮಾಲೀಕ, ಬ್ಯಾಡಗಿ

ಎಲ್ಲ ಸರಿ ಇದೆ. ಆದರೆ ಅಕ್ಕಾವ್ರೇ, ಹೋರಿ ನಿಲ್ಲಿಸುವುದು ನೀವು ಹೇಳಿದಷ್ಟು ಸರಳ ಅಲ್ಲ. ನಮ್ಮ ಹೋರಿ ಸರದಿಗೆ ಬಂದು ನಿಂತಿರುತ್ತದೆ. ಡೊಳ್ಳಿನ ಸದ್ದಿಗೆ, ಜನರ ಕೇಕೆಗೆ ಅದರ ಮೈಯೆಲ್ಲ ಬಿಗಿದಿರುತ್ತದೆ. ಆಗ ಹತ್ತು ನಿಮಿಷ ಹಿಡಿದು ನಿಲ್ಲಿಸಿದರೆ ಹಗ್ಗ ಹಿಡಿದವರಿಗೇ ತಿವಿಯುತ್ತದೆ. ಇಲ್ಲವೇ ಹುರುಪು ಇಳಿದು, ಬಿಟ್ಟಾಗ ಓಡುವುದಿಲ್ಲ. ವರ್ಷಪೂರ್ತಿ ಹತ್ತಿಕಾಳು, ಹುರುಳಿ ತಿನ್ನಿಸಿ ಮಗನಂತೆ ಸಾಕಿರುತ್ತೇವೆ. ಮಾಲೀಕರು ಕಮಿಟಿಯ ಮೇಲೆ ಜಗಳಕ್ಕೆ ಬರುತ್ತಾರೆ. ಅದಕ್ಕೂ ಏನಾದರೂ ದಾರಿ ಹೇಳಿ.

ಉತ್ತರ: ನಿವೃತ್ತ ಸ್ಟಾಫ್ ನರ್ಸ್, ಧಾರವಾಡ

ಅಣ್ಣಾರ, ನೀವು ಹೇಳಿದ್ದು ನ್ಯಾಯವಾದ ಮಾತು. ಹೋರಿ ಸಾಕಿದವರ ಕಷ್ಟ ನನಗೆ ಅಷ್ಟು ಗೊತ್ತಿಲ್ಲ. ಜಗಳ ಬರುವುದು ಅಲ್ಲೇ ಆ ಕ್ಷಣ ತೀರ್ಮಾನ ಮಾಡಲು ಹೋದಾಗ. ಮೊದಲೇ ಹ್ಯಾಂಡ್‌ಬಿಲ್ಲಿನಲ್ಲಿ ಅಚ್ಚು ಹಾಕಿಸಿ: ಅಖಾಡದಲ್ಲಿ ಗಾಯಾಳು ಇದ್ದರೆ ಹೋರಿ ಬಿಡುವುದಿಲ್ಲ, ನಿಂತ ಹೋರಿಗೆ ಸರದಿ ತಪ್ಪುವುದಿಲ್ಲ, ಬೇಕಾದರೆ ಕೊನೆಯಲ್ಲಿ ಬಿಡಬಹುದು. ಹೆಸರು ನೋಂದಾಯಿಸುವಾಗ ಅದಕ್ಕೆ ಸಹಿ ತೆಗೆದುಕೊಳ್ಳಿ. ಸರದಿಯ ಹೋರಿಗಳನ್ನು ಬಿಡುವ ಬಾಗಿಲಿಗೆ ಒತ್ತಿಕೊಂಡು ನಿಲ್ಲಿಸಬೇಡಿ, ಹಿಂದೆ ನೆರಳಲ್ಲಿ ಕಟ್ಟಲು ಜಾಗ ಮಾಡಿ. ಆಗ ಕಾಯುವುದು ಹೋರಿಗೂ ಹಗುರ, ನಿಮಗೂ ಹಗುರ.

ನಮ್ಮ ತೇರಿನಲ್ಲೂ ಇದೇ ಪಾಠ. ಶಿವರಾತ್ರಿ ಮರುದಿನ ಸಿದ್ಧಾರೂಢರ ತೇರು ಎಳೆಯುವಾಗ ಭಕ್ತರು ಬಾಳೆಹಣ್ಣು, ಉತ್ತತ್ತಿ ಎಸೆಯುತ್ತಾರೆ. ಎಸೆದ ಹಣ್ಣು ಕಾಲಡಿಗೆ ಬಿದ್ದು ನುಣ್ಣಗಾಗಿರುತ್ತದೆ. ಬರಿಗಾಲಿನ ವಯಸ್ಸಾದವರು ಜಾರುತ್ತಾರೆ, ಅದೂ ಗಾಲಿಯ ಹತ್ತಿರ. ಅಲ್ಲಿ ಹಗ್ಗ ಎಳೆಯುವವರಿಗೆ ನಿಲ್ಲಿಸಿ ಅಂತ ಕೂಗಿದರೆ ಕೇಳಿಸುವುದಿಲ್ಲ, ಸನ್ನೆಯೇ ಬೇಕು. ಯಾರ ಸನ್ನೆಗೆ ನಿಲ್ಲಬೇಕು ಅನ್ನೋದು ಎಲ್ಲರಿಗೂ ಗೊತ್ತಿರಬೇಕು.

ಉತ್ತರ: ಗಣಪತಿ ಮಂಡಳಿ ಕಾರ್ಯಕರ್ತ, ಹುಬ್ಬಳ್ಳಿ

ಒಂದು ವಿಷಯ ಸೇರಿಸುತ್ತೇನೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರು. ಅದಾದ ಮೇಲೆ ನಮ್ಮ ಮಂಡಳಿಯಲ್ಲಿ ವಿಸರ್ಜನೆ ಮೆರವಣಿಗೆ ಬಗ್ಗೆ ಕೂತು ಮಾತಾಡಿದೆವು. ಇಂಥ ಕಡೆ ಜನ ಸಾಯುವುದು ತುಳಿತಕ್ಕಿಂತ ಜಾಸ್ತಿ ಒತ್ತಡಕ್ಕೆ. ಎದೆ ಹಿಗ್ಗಲು ಜಾಗವಿಲ್ಲದೆ ನಿಂತಲ್ಲೇ ಉಸಿರು ಕಟ್ಟುತ್ತದೆ. ಒಂದು ಚದರ ಮೀಟರಿನಲ್ಲಿ ಐದಕ್ಕಿಂತ ಜಾಸ್ತಿ ಜನ ಸೇರಿದರೆ ಅಪಾಯ ಶುರು ಅಂತ ಲೆಕ್ಕ. ನಿಮ್ಮಲ್ಲಿ ಹೋರಿ ಜನರ ಕಡೆ ತಿರುಗಿದಾಗ ಎಲ್ಲರೂ ಒಮ್ಮೆಲೇ ಹಿಂದಕ್ಕೆ ಸರಿಯುತ್ತಾರೆ. ಹಿಂದೆ ಟ್ರ್ಯಾಕ್ಟರ್ ಸಾಲು ಇದ್ದರೆ ಸರಿಯಲು ಜಾಗ ಎಲ್ಲಿದೆ? ಟ್ರೇಲರ್‌ಗಳ ನಡುವೆ ಅಲ್ಲಲ್ಲಿ ಸಂದು ಬಿಡಿಸಿ. ಹಂಚಿನ ಮನೆ ಮೇಲೆ, ಹಳೇ ಮಾಳಿಗೆ ಮೇಲೆ ಜನ ಹತ್ತದಂತೆಯೂ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು: ಕಮಿಟಿ ಹುಡುಗ, ಹಾನಗಲ್ ತಾಲೂಕು

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಗುಡಿ ಕಟ್ಟೆ ಮೇಲೆ ಇದನ್ನೆಲ್ಲ ಓದಿ ಹೇಳಿದೆ. ಶಾಲೆ ಹಿಂದಿನ ರಸ್ತೆ ಖಾಲಿ ಇಡಲು ಒಪ್ಪಿದ್ದಾರೆ. ಹ್ಯಾಂಡ್‌ಬಿಲ್ಲಿನಲ್ಲಿ ಎರಡು ಸಾಲು ಸೇರಿಸುತ್ತೇವೆ. ಅರ್ಜಿ ನಾಳೆ ಕೊಡುತ್ತೇನೆ.

ಅಕ್ಕಾವ್ರೇ, ಇನ್ನೆರಡು ಪ್ರಶ್ನೆ. ಪೆಟ್ಟಿಗೆಯ ಸಾಮಾನು ನೀವು ಹೇಳಲೇ ಇಲ್ಲ. ಮತ್ತೆ ನಮ್ಮ ಹುಡುಗರಿಗೆ ಒಂದು ಹೆದರಿಕೆ ಇದೆ. ಗಾಯಾಳುವನ್ನು ಮುಟ್ಟಿ, ಆಮೇಲೆ ಏನಾದರೂ ಹೆಚ್ಚುಕಡಿಮೆ ಆದರೆ ನಮ್ಮ ಮೇಲೆ ಕೇಸು ಬರುತ್ತದಾ ಅಂತ.

ಉತ್ತರ: ನಿವೃತ್ತ ಸ್ಟಾಫ್ ನರ್ಸ್, ಧಾರವಾಡ

ಕೇಸಿನ ಹೆದರಿಕೆ ಬಿಡಿ. ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದವರನ್ನು ಕಾಯಲೆಂದೇ ಕರ್ನಾಟಕದಲ್ಲಿ 2016ರ ಗುಡ್ ಸಮಾರಿಟನ್ ಕಾಯ್ದೆ ಇದೆ. ಆದರೆ ಕಲಿತಷ್ಟನ್ನೇ ಮಾಡಿ. ಹುಡುಗರು ಯಾರಿಗೂ ಗುಳಿಗೆ, ಇಂಜೆಕ್ಷನ್ ಕೊಡಬಾರದು. ಅದು ಡಾಕ್ಟರು, ನರ್ಸುಗಳ ಕೆಲಸ.

ಪೆಟ್ಟಿಗೆಗೆ ಗಾಜ್ ಮತ್ತು ಹತ್ತಿ ಜಾಸ್ತಿ ತನ್ನಿ, ನೀವು ಅಂದುಕೊಂಡದ್ದರ ಎರಡು ಪಟ್ಟು. ಕ್ರೇಪ್ ಬ್ಯಾಂಡೇಜ್, ತ್ರಿಕೋನ ಬ್ಯಾಂಡೇಜ್, ಗ್ಲೌಸ್, ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ, ಬೆಟಾಡಿನ್, ಸಲೈನ್ ಬಾಟಲಿ, ಟಾರ್ಚ್, ಸಕ್ಕರೆ ಪರೀಕ್ಷೆ ಮಾಡುವ ಯಂತ್ರ, ಬಿ.ಪಿ. ಯಂತ್ರ. ಎಲುಬು ಮುರಿದರೆ ಕಟ್ಟಲು ಮರದ ಪಟ್ಟಿಗಳನ್ನು ನಿಮ್ಮೂರ ಬಡಿಗೇರರೇ ಮಾಡಿಕೊಡುತ್ತಾರೆ, ಮೇಲೆ ಹತ್ತಿ ಸುತ್ತಿಡಿ. ಓಆರ್‌ಎಸ್ ಪೊಟ್ಟಣ ಬೇಕು. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ಒಂದು ಗ್ಲಾಸಿಗೆ ಇಡೀ ಪೊಟ್ಟಣ ಸುರಿಯಬಾರದು. ಸ್ಟ್ರೆಚರ್ ಎರಡಾದರೂ ಇರಲಿ. ಎತ್ತರದಿಂದ ಬಿದ್ದವರನ್ನು ಕೈಕಾಲು ಹಿಡಿದು ಜೋಳಿಗೆ ಹಾಗೆ ಎತ್ತಿಕೊಂಡು ಓಡಿದರೆ ಬೆನ್ನುಹುರಿಗೆ ಪೆಟ್ಟಾಗಿ ಆಯುಷ್ಯಪೂರ್ತಿ ಕಾಲು ಬಾರದ ಹಾಗಾಗಬಹುದು. ನಾಲ್ಕು ಜನ ಸೇರಿ ತಲೆ, ಕುತ್ತಿಗೆ, ಬೆನ್ನು ಒಂದೇ ನೇರಕ್ಕೆ ಇರುವಂತೆ ಹೊರಳಿಸಿ ಸ್ಟ್ರೆಚರ್ ಮೇಲೆ ತೆಗೆದುಕೊಳ್ಳಬೇಕು.

ಹೋರಿ ಬಿಟ್ಟು ಬೇರೆ ಕಾರಣಕ್ಕೂ ಟೆಂಟಿಗೆ ಜನ ಬರುತ್ತಾರೆ. ಫಿಟ್ಸ್ ಬಂದವರ ಕೈಗೆ ಕೀಲಿ ಕೊಡುವುದು, ಉಳ್ಳಾಗಡ್ಡಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ಬೇಡ. ಸುತ್ತ ಇರುವ ಕಲ್ಲು ಗಿಲ್ಲು ಸರಿಸಿ, ತಲೆ ಕೆಳಗೆ ಟವೆಲ್ ಇಟ್ಟು, ನಡುಕ ನಿಂತ ಮೇಲೆ ಮಗ್ಗುಲಿಗೆ ಮಲಗಿಸಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ. ಬಿಸಿಲಿಗೆ ಬಿದ್ದು ಮೈ ಸುಡುತ್ತಾ, ತಲೆಬುಡವಿಲ್ಲದೆ ಮಾತಾಡುತ್ತಿದ್ದರೆ ಗಾಡಿಗೆ ಕಾಯದೆ ಅಲ್ಲೇ ಮೈಮೇಲೆ ನೀರು ಸುರಿದು ಗಾಳಿ ಹಾಕಿ. ಮೊದಲು ತಂಪು, ಆಮೇಲೆ ಪ್ರಯಾಣ.

ಇನ್ನು ಎದೆ ಒತ್ತುವುದು. ಕರೆದರೆ ಓಗೊಡದವರ ಉಸಿರು ನಿಂತಿದ್ದರೆ, ಅಥವಾ ಮೀನಿನ ಹಾಗೆ ಆಗೊಮ್ಮೆ ಈಗೊಮ್ಮೆ ಬಾಯಿ ಬಿಡುತ್ತಿದ್ದರೆ, ನಾಡಿ ಹುಡುಕುತ್ತಾ ಕೂರಬೇಡಿ. ಎದೆಯ ನಡುಮಧ್ಯ ಅಂಗೈ ಬುಡ ಇಟ್ಟು 5ರಿಂದ 6 ಸೆಂಟಿಮೀಟರ್ ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಿ. ಎರಡು ನಿಮಿಷಕ್ಕೊಮ್ಮೆ ಒತ್ತುವ ಆಳು ಬದಲಾಗಲಿ. ಎಷ್ಟೇ ಗಟ್ಟಿ ಆಳಾದರೂ ಆಮೇಲೆ ಸೋಲುತ್ತಾನೆ.

ಇದು ಓದಿ ಬರುವ ವಿದ್ಯೆಯಲ್ಲ. ರೆಡ್‌ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸ್‌ನವರ ತರಬೇತಿ ನಿಮ್ಮ ಜಿಲ್ಲೆಯಲ್ಲಿ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿ. ಸಿಗದಿದ್ದರೆ ಒಂದು ಭಾನುವಾರ ಬೆಳಗ್ಗೆ ನಾನೇ ಬರುತ್ತೇನೆ. ಶಾಲೆ ಕೋಣೆ ಕೇಳಿಡಿ, ಹುಡುಗರು ಹುಡುಗಿಯರು ಇಬ್ಬರೂ ಇರಲಿ. ಪ್ರತಿಯೊಬ್ಬರೂ ಮನೆಯಿಂದ ಒಂದು ಗಟ್ಟಿ ದಿಂಬು, ಒಂದು ಹಳೇ ಟವೆಲ್ ತರಲಿ. ನೆಲದ ಮೇಲೆ ಮೊಣಕಾಲೂರಿ ಕೂರಬೇಕಾಗುತ್ತದೆ, ಅದಕ್ಕೆ ತಕ್ಕ ಬಟ್ಟೆ ಹಾಕಿಕೊಂಡು ಬರಲು ಹೇಳು.